ಎಡಗಣ್ಣಿನ ಸಾಕ್ಷಿ

೯ ಜನವರಿ ೧೯೬೧, ಸೋಮವಾರ. ಸಂಜೆ ೭

ವಿಜಾಪುರ. ಸೊಲ್ಲಾಪುರ ರಸ್ತೆಯ ಹಿಂದಿನ ಖೋಲಿ. ಕೋರ್ಟಿನ ನಕಲು ವಿಭಾಗದಲ್ಲಿ ಇವತ್ತು ಹನ್ನೊಂದು ಹಾಳೆ ಬರೆದೆ. ಒಂದು ಸಾಲು ಬಿಟ್ಟುಹೋಗಿತ್ತು. ಏಳು ವರ್ಷದ ನೌಕರಿಯಲ್ಲಿ ಮೊದಲ ಸಲ. ಯಾರೂ ನೋಡುವ ಮೊದಲೇ ಹಾಳೆ ಬದಲಿಸಿದೆ.

ಮೂಗು ಎಂದಿನಂತೆ. ಎಡ ಹೊಳ್ಳೆ ಪೂರ್ತಿ ಕಟ್ಟಿದೆ, ಬಲದಿಂದ ಹಳದಿ ಸಿಂಬಳ. ನಾರುತ್ತದಂತೆ. ನನಗೆ ವಾಸನೆಯೇ ತಿಳಿಯುವುದಿಲ್ಲ. ಹೆಂಡತಿ ಚಂದ್ರಾಬಾಯಿ ನನ್ನ ದಿಂಬಿನ ಚೀಲವನ್ನು ಬೇರೆಯಾಗಿ ಒಗೆಯುವುದರಿಂದ ತಿಳಿದುಕೊಂಡಿದ್ದೇನೆ. ಎಡಗಣ್ಣಿನ ಹಿಂದೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತೆ.

ಪರೀಕ್ಷೆ ಮಾಡಿದೆ. ಬಲಗಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರು ನೋಡಿದೆ. ನಾಲ್ಕೂ ಅಂಚು ಕಾಣುತ್ತವೆ. ನಡುವೆ ಏನೂ ಇಲ್ಲ. ಕಪ್ಪಲ್ಲ... ಇಲ್ಲ, ಅಷ್ಟೆ. ಡಿಸೆಂಬರಿನಲ್ಲಿ ಭಾನುವಾರದ ಕೆಂಪು ಅಂಕಿಗಳು ಬೂದಿ ಬಣ್ಣವಾಗಿ ಕಂಡಿದ್ದವು. ಈಗ ಅಂಕಿಗಳೇ ಇಲ್ಲ.

ಯಾರಿಗೂ ಹೇಳಿಲ್ಲ. ಒಕ್ಕಣ್ಣಿನ ನಕಲುಗಾರನನ್ನು ಕೋರ್ಟು ಏಕೆ ಇಟ್ಟುಕೊಳ್ಳಬೇಕು?

ಬಲಗಣ್ಣಿನಿಂದಲೇ ಕಾದಂಬರಿ ಮುಂದುವರಿಸಿದೆ. ರಷ್ಯನ್ ಭಾಷೆಯದು, ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದದ್ದು. ಅನುವಾದಕ ಹಿಮ ಬೀಳುವಲ್ಲೆಲ್ಲ "ಮಂಜು ಸುರಿಯಿತು" ಎನ್ನುತ್ತಾನೆ. ಮಂಜು ಸುರಿಯುವುದಿಲ್ಲ, ಕವಿಯುತ್ತದೆ. ಪೆನ್ಸಿಲಿನಿಂದ ತಿದ್ದಿದೆ. ವಾಚನಾಲಯದ ಪುಸ್ತಕ. ತಿದ್ದಬಾರದಿತ್ತು.

೧೫ ಜನವರಿ, ಭಾನುವಾರ

ನಿನ್ನೆ ಸಂಕ್ರಮಣ. ಸಾರವಾಡಕ್ಕೆ ಹೋಗಿ ಬಂದೆ. ಅವ್ವ, ತಮ್ಮ ಹಣಮಂತ ಅಲ್ಲಿಯೇ ಕೇರಿಯ ಮನೆಯಲ್ಲಿ. ಸೊಲ್ಲಾಪುರಕ್ಕೆ ಹೋಗಿ ದೀಕ್ಷೆ ತೆಗೆದುಕೊಂಡು ಬೌದ್ಧರಾಗಿ ನಾಲ್ಕು ವರ್ಷವಾಯಿತು. ಅವ್ವ ಎಳ್ಳಿನ ಹೋಳಿಗೆ ಬಿಟ್ಟಿಲ್ಲ.

ನನ್ನ ಮುಖ ನೋಡಿದವಳೇ ಕೇಳಿದಳು, "ಎಡಗಡೆ ಹುಬ್ಬ ಯಾಕ ಬಾತೈತಿ ಯಲಗೂರಪ್ಪಾ?"

"ನೆಗಡಿ."

"ಎಂಟ ವರ್ಷದ ನೆಗಡಿ ಇರ್ತೈತೇನ್ಲೇ? ದಿನಾ ಬುಕ್ಕಿನ್ಯಾಗ ಮೂಗ ತೂರಿಸಿ ಕುಂದರ್ತಿ. ಹಾಳ್ಯಾಗಿನ ಹುಳ ಒಳಗ ಹೊಕ್ಕಾವ."

ಪಕ್ಕದ ಮನೆಯ ಲಕ್ಕವ್ವನನ್ನು ಕರೆದಳು. ಹುಬ್ಬಿನ ಮೇಲೆ ಬರೆ ಹಾಕಿದರೆ ಹುಳ ಸಾಯುತ್ತವೆ ಎಂದು ಲಕ್ಕವ್ವನ ಮತ. ನಾನು ಬೇಡವೆಂದೆ.

"ಬೌದ್ಧ ಆದವರು ಬರಿ ಹಾಕಿಸ್ಕೋಬಾರದಂತ ಯಾವ ಪುಸ್ತಕದಾಗ ಬರದೈತಿ, ಓದಿ ಹೇಳು," ಎಂದಳು ಅವ್ವ. ಹಣಮಂತ ನಗುತ್ತ ನನ್ನ ಎರಡೂ ಕೈ ಹಿಂದಕ್ಕೆ ತಿರುವಿ ಹಿಡಿದ. ಅವ್ವ ತಲೆಯನ್ನು ತೊಡೆಗೆ ಒತ್ತಿದಳು. ಲಕ್ಕವ್ವ ಕಾದ ಕುಡಗೋಲಿನ ತುದಿ ಇಟ್ಟಳು. ಎರಡು ಸಲ. ಕಾಲಿನಿಂದ ಒದ್ದದ್ದಕ್ಕೆ ಒಲೆಯ ಮೇಲಿನ ಗಡಿಗೆ ಒಡೆಯಿತು.

ಚರ್ಮ ಸುಟ್ಟ ವಾಸನೆಗೆ ಮೂವರೂ ಮೂಗು ಮುಚ್ಚಿಕೊಂಡರು. ನನಗೆ ಏನೂ ತಿಳಿಯಲಿಲ್ಲ.

೨೯ ಜನವರಿ, ಭಾನುವಾರ

ಬರೆ ಕೀವಾಗಿ ಒಣಗಿತು. ಕಣ್ಣು ಹಾಗೆಯೇ. ಹಾಗೆಯೇ ಅಲ್ಲ. ಇವತ್ತು ಅಂಚುಗಳೂ ಇಲ್ಲ. ಬಲಗಣ್ಣು ಮುಚ್ಚಿ, ಕಂದೀಲನ್ನು ಎಡಗೆನ್ನೆ ಸುಡುವಷ್ಟು ಹತ್ತಿರ ತಂದೆ. ಶಾಖ ತಿಳಿಯಿತು. ಬೆಳಕು ತಿಳಿಯಲಿಲ್ಲ.

ಎಡಗಣ್ಣು ಹೋಯಿತು ಎಂದು ಬರೆದಿಡುತ್ತೇನೆ. ತಾರೀಖು ಬೇಕಾಗುತ್ತದೆಂದಲ್ಲ. ಅಭ್ಯಾಸ.

೨ ಫೆಬ್ರವರಿ, ಗುರುವಾರ

ಮಧ್ಯಾಹ್ನ ಒಂದಕ್ಕೆ ಹಣಮಂತ ಕೋರ್ಟಿನ ಬೇವಿನ ಮರದ ಕೆಳಗೆ ಬಂದು ನಿಂತಿದ್ದ. ಊರಿನ ಗೌಡ ಶಿವಯೋಗೆಪ್ಪನ ತಾಯಿ ಕಾಳವ್ವ ನಸುಕಿನಲ್ಲಿ ತೀರಿಕೊಂಡಳಂತೆ. ಅವಳ ಮಗಳು ಕಾಶಿಬಾಯಿಯನ್ನು ತಿಕೋಟಾಕ್ಕೆ ಕೊಟ್ಟಿದ್ದಾರೆ. ಸುದ್ದಿ ಮುಟ್ಟಿಸು ಎಂದು ಹಣಮಂತನಿಗೆ ಹೇಳಿ ಕಳಿಸಿದ್ದಾರೆ.

ಆ ಮನೆಯ ಸಾವಿನ ಸುದ್ದಿ ಒಯ್ಯುವುದು ಅಜ್ಜನ ಕಾಲದಿಂದ ನಮ್ಮ ಮನೆತನದ ಕೆಲಸ. ನಡೆದು ಹೋಗಬೇಕು. ಅಂಗಳದ ಹೊರಗೆ ನಿಂತು ಕೂಗಿ ಹೇಳಬೇಕು. ಕೊಟ್ಟ ಕಾಳು ಉಡಿಯಲ್ಲಿ ಹಾಕಿಸಿಕೊಂಡು ಬರಬೇಕು. ನಾವು ಬಿಟ್ಟೆವು ಎಂದು ಅವರಿಗೆ ಹೇಳುವ ಪ್ರಸಂಗ ಬಂದಿರಲಿಲ್ಲ. ಈ ನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಸತ್ತಿರಲಿಲ್ಲ.

"ಏನಂದಿ ಅವರಿಗೆ?"

"ಹೂಂ ಅಂದೆ. ಸುದ್ದಿ ಮುಟ್ಟಸ್ತೀನಂದೆ. ನಡಕೋತ ಹೋಗ್ತೀನಂತ ಅಂದಿಲ್ಲ."

"ಅವರು ಹಂಗ ತಿಳಕೊಂಡಾರ."

"ತಿಳಕೊಳ್ಳಿ. ದೀಕ್ಷಾ ತಗೊಂಡು ಬರುವಾಗ ರೈಲಿನ್ಯಾಗ ನೀನ ಅಂದಿದ್ದಿ, ಸುದ್ದಿ ಒಯ್ಯಾಕ ಸರಕಾರ ಟಪಾಲ ಇಟ್ಟೈತಿ, ನಮ್ಮ ಕಾಲ ಅಲ್ಲ ಅಂತ. ಈಗ ಬರಿ. ಚಂದಾಗಿ ಬರಿ, ಸತ್ತಾಕಿ ದೊಡ್ಡ ಮನೀಕಿ."

ಅಂದಿದ್ದೆ. ಕಾರ್ಡು ಬರೆದೆ. "ನಿಮ್ಮ ತಾಯಿಯವರು ಇಂದು ಬೆಳಗಿನ ಜಾವ ತೀರಿಕೊಂಡರು. ಕೂಡಲೇ ಹೊರಟು ಬರಬೇಕು." ಸಾವಿನ ಕಾರ್ಡಿಗೆ ಹರಿಯುವಂತೆ ಒಂದು ಮೂಲೆ ಹರಿದೆ. ಒಂದೂವರೆಗೆ ಟಪಾಲು ಡಬ್ಬಿಗೆ ಹಾಕಿದೆ.

ಎರಡು ಗಂಟೆಗೆ ತಿಕೋಟಾಕ್ಕೆ ಬಸ್ಸಿತ್ತು. ನನಗೆ ಗೊತ್ತಿತ್ತು. ಹಣಮಂತನಿಗೆ ಹೇಳಲಿಲ್ಲ. ಅವನನ್ನು ಆ ಬಸ್ಸಿನಲ್ಲಿ ಕೂರಿಸಿದ್ದರೆ ಅದು ಕಾಲಿನ ಬದಲು ಚಕ್ರದ ಮೇಲೆ ಹೋದ ಅದೇ ಕೆಲಸ. ಹಾಗೆಂದುಕೊಂಡೆ.

೧೯ ಫೆಬ್ರವರಿ, ಭಾನುವಾರ

ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ.

ಗುರುವಾರ ಅವರು ಮಗಳಿಗಾಗಿ ದೀಪ ಹಚ್ಚುವ ತನಕ ಕಾದರಂತೆ. ಹಣಮಂತ ಹೋಗಿದ್ದಾನೆ, ಇನ್ನೇನು ಬಂದಳು ಎಂದು. ಆಮೇಲೆ ಮಣ್ಣು ಮಾಡಿದರು. ಕಾರ್ಡು ಶನಿವಾರ ತಿಕೋಟಾ ಮುಟ್ಟಿತು. ಕಾಶಿಬಾಯಿ ಅದನ್ನು ಹಿಡಿದುಕೊಂಡೇ ಬಂದಳಂತೆ.

ಭಾನುವಾರ, ೫ನೇ ತಾರೀಖು. ಹಣಮಂತ ಗುರುವಾರದಿಂದ ನಮ್ಮ ಖೋಲಿಯಲ್ಲಿಯೇ ಇದ್ದ. ಅವ್ವ ಒಬ್ಬಳೇ ಇದ್ದಾಳೆಂದು ಕರೆತರಲು ಒಂಬತ್ತರ ಬಸ್ಸಿಗೆ ಹೋದೆ. ಕೇರಿಯಲ್ಲಿ ಎಲ್ಲ ಬಾಗಿಲು ಮುಚ್ಚಿದ್ದವು. ಲಕ್ಕವ್ವ ಕಿಂಡಿಯಿಂದ ಕೂಗಿದಳು, "ನಿಮ್ಮವ್ವನ್ನ ಕಾಳವ್ವನ ಕುಣೀಗಿ ಎಳಕೊಂಡ ಹೋಗ್ಯಾರೋ ಯಪ್ಪಾ!"

ಶಿವಯೋಗೆಪ್ಪನ ಹೊಲದ ಅಂಚು. ಹನ್ನೊಂದು ಜನರಿದ್ದರು. ಎಣಿಸಿದೆ. ಹೊಸ ಗೋರಿಯ ಮೇಲೆ ಅವ್ವ ಮೊಣಕಾಲೂರಿ ಎರಡೂ ಕೈಯಿಂದ ಮಣ್ಣು ತೋಡುತ್ತಿದ್ದಳು. ಶಿವಯೋಗೆಪ್ಪನ ಬಲಗೈಯಲ್ಲಿ ನೆನೆಸಿದ ಹಗ್ಗ, ಕಂಕುಳಲ್ಲಿ ಬಡಿಗೆ. ಅವ್ವನ ಕೈ ನಿಂತಾಗೊಮ್ಮೆ ಬೆನ್ನಿಗೆ ಹಗ್ಗ ಬೀಳುತ್ತಿತ್ತು.

"ತಗೀ. ನನ್ನ ತಂಗೀಗಿ ನಮ್ಮವ್ವನ ಮಾರಿ ತೋರ್ಸು. ಮುಚ್ಚೂವಂಗ ಮಾಡಿದವರು ನೀವು. ನೀವ ತಗೀರಿ."

ಅವ್ವ ತಲೆ ಎತ್ತದೆ, "ನಿಮ್ಮವ್ವ ಇದ್ದಿದ್ರ ಈ ಹಗ್ಗ ಕಸಗೊಂಡು ನಿನಗ ಬಡೀತಿದ್ಲೋ ಭಾಡ್ಯಾ," ಎಂದಳು. ಅವನು ಅವಳ ಪಕ್ಕೆಗೆ ಒದ್ದ. ಮುಖ ಮಣ್ಣಿನಲ್ಲಿ ಹೂತಿತು. ಕೂದಲು ಹಿಡಿದು ಎತ್ತಿ ಮತ್ತೆ ಕೂರಿಸಿದ. ಹನ್ನೊಂದು ಜನರಲ್ಲಿ ಒಬ್ಬ, "ಉಗರ ಬಿದ್ದಾವ ಗೌಡ್ರ," ಎಂದ. ತಡೆಯಲು ಅಲ್ಲ. ತಿಳಿಸಲು.

ಮೊದಲು ಕಲ್ಲೆತ್ತಿದವನು ನಾನು. ಹತ್ತು ಹೆಜ್ಜೆಯಿಂದ ಅವನ ತಲೆಗೆ ಎಸೆದೆ. ಒಂದು ಮಾರು ದೂರ ಬಿತ್ತು. ಒಂದು ಕಣ್ಣಿಗೆ ಅಂತರ ತಿಳಿಯುವುದಿಲ್ಲವೆಂದು ಆಗ ಗೊತ್ತಾಯಿತು. ಎರಡನೆಯದಕ್ಕೆ ಬಗ್ಗುವಷ್ಟರಲ್ಲಿ ಅವನು ಬಂದಿದ್ದ. ಎಡಗಡೆಯಿಂದ ಬಂದ, ಕಾಣಲಿಲ್ಲ. ಬಡಿಗೆ ಎಡಹುಬ್ಬಿನ ಮೇಲೆ, ಬರೆಯ ಮೇಲೆಯೇ ಬಿತ್ತು. ಬಿದ್ದೆ. ಹೊಟ್ಟೆಗೆ ಎರಡು ಸಲ ಒದ್ದ. ಯಾರೋ ನನ್ನ ಬಲಗೈ ಬೆರಳುಗಳ ಮೇಲೆ ನಿಂತರು. ರಕ್ತ ಬಲಗಣ್ಣಿಗೂ ಇಳಿಯಿತು. ಅದರ ಸಂದಿನಿಂದ ಅವ್ವನ ಕೈಗಳು ಕಾಣುತ್ತಿದ್ದವು. ತೋಡುತ್ತಲೇ ಇದ್ದವು.

ಮೊಳಕೈ ಆಳವಾದಾಗ, ಗೋರಿಯ ತಲೆದೆಸೆಗೆ ಕೂತಿದ್ದ ಕಾಶಿಬಾಯಿ ಚೀರಿದಳು. "ಸಾಕ ಮಾಡಣ್ಣಾ! ನಂಗ ಮಾರಿ ಬ್ಯಾಡ!"

ಎಲ್ಲರೂ ಮನೆಗೆ ಹೋದರು. ಊಟದ ಹೊತ್ತಾಗಿತ್ತು.

ಲಕ್ಕವ್ವನ ಗಂಡ ಬಂಡಿಯಲ್ಲಿ ಇಬ್ಬರನ್ನೂ ವಿಜಾಪುರಕ್ಕೆ ತಂದ. ದವಾಖಾನೆಯಲ್ಲಿ ಡಾಕ್ಟರು ನನ್ನ ಎಡಗಣ್ಣಿಗೆ ಬ್ಯಾಟರಿ ಬಿಟ್ಟರು.

"ಬೆಳಕು ಕಾಣಸ್ತೈತೇನು?"

"ಇಲ್ರಿ."

ಬರೆದುಕೊಂಡರು. ಹೊಡೆದದ್ದು ಯಾವಾಗ, ಯಾತರಿಂದ ಎಂದು ಪೊಲೀಸ್ ಫೌಜುದಾರರು ಕೇಳಿದರು. ಹೇಳಿದೆ. ಮೊದಲು ಕಾಣುತ್ತಿತ್ತೇ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಪ್ರಜ್ಞೆ ತಪ್ಪಿರಲಿಲ್ಲ. ಪೂರ್ತಿ ಎಚ್ಚರವಿತ್ತು.

ಅವ್ವನ ಏಳು ಉಗುರು ಹೋಗಿವೆ.

೨೫ ಫೆಬ್ರವರಿ, ಶನಿವಾರ

ಶಿವಯೋಗೆಪ್ಪನ ಮೇಲೆ ಕಲಂ ೩೨೫ ಹಚ್ಚಿದ್ದಾರೆ. ಗಂಭೀರ ಗಾಯ. ಏಳು ವರ್ಷದವರೆಗೆ ಶಿಕ್ಷೆ.

ಯಾವುದು ಗಂಭೀರ ಗಾಯವೆಂದು ೩೨೦ನೆಯ ಕಲಮಿನಲ್ಲಿದೆ. ಎಷ್ಟೋ ತೀರ್ಪುಗಳಲ್ಲಿ ನಕಲು ಮಾಡಿದ್ದೇನೆ. ಇವತ್ತು ಕನ್ನಡಕ್ಕೆ ಮಾಡಿಕೊಂಡೆ. ಎರಡನೆಯದು: ಯಾವುದೇ ಒಂದು ಕಣ್ಣಿನ ದೃಷ್ಟಿಯ ಶಾಶ್ವತ ನಾಶ. ಎಂಟನೆಯದು: ಇಪ್ಪತ್ತು ದಿನಗಳ ಅವಧಿಗೆ ತೀವ್ರ ನೋವು, ಅಥವಾ ನಿತ್ಯದ ಕೆಲಸ ಮಾಡಲಾಗದ ಸ್ಥಿತಿ. ಉಗುರಿನ ಮಾತು ಎಲ್ಲಿಯೂ ಇಲ್ಲ.

ಅವ್ವ ಒಂಬತ್ತನೆಯ ದಿನ ಹಟ ಮಾಡಿ ದವಾಖಾನೆಯಿಂದ ಊರಿಗೆ ಹೋದಳು. ಹದಿನೆಂಟನೆಯ ದಿನ, ಮೊನ್ನೆ ಬುಧವಾರ, ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತಿದ್ದಳಂತೆ. ಇಡೀ ಓಣಿ ಸದ್ದು ಕೇಳಿದೆ. ವಿಚಾರಣೆಗೆ ಹೋದ ಪೊಲೀಸನೂ ಕೇಳಿ ಬರೆದುಕೊಂಡಿದ್ದಾನೆ. ಹದಿನೆಂಟು. ಎರಡು ದಿನ ಕಡಿಮೆ. ಆದ್ದರಿಂದ ಅವಳದು ಸಾದಾ ಗಾಯ, ೩೨೩. ಅವನು ದಂಡ ಕಟ್ಟಿ ಮನೆಗೆ ಹೋಗಬಹುದು.

ಇಡೀ ಖಟ್ಲೆ ನನ್ನ ಕಣ್ಣಿನ ಮೇಲೆ ನಿಂತಿದೆ.

೧೧ ಮಾರ್ಚ್, ಶನಿವಾರ

ಇವತ್ತು ಬಲಗಣ್ಣಿಗೆ ಚಂದ್ರಾಬಾಯಿಯ ಕೆಂಪು ಕುಬಸ ಬೂದಿ ಬಣ್ಣವಾಗಿ ಕಂಡಿತು.

ನಾಳೆ ಮಿರಜಕ್ಕೆ.

೧೪ ಮಾರ್ಚ್, ಮಂಗಳವಾರ. ಮಿರಜ, ದವಾಖಾನೆ

ಎಕ್ಸ್-ರೇ ತೆಗೆದರು. ಇಲ್ಲಿಯ ಡಾಕ್ಟರು ಅಥಣಿ ಕಡೆಯವರು, ಕನ್ನಡ ಬರುತ್ತದೆ. ಕಣ್ಣಿನೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು.

"ಮೂಗಿನ ಹಿಂದ ಎಲುಬಿನ್ಯಾಗ ಪೊಳ್ಳ ಖೋಲಿ ಇರ್ತಾವ. ನಿಮ್ಮವು ಕೀವಿನಿಂದ ತುಂಬ್ಯಾವ. ಅದರ ಆಚಿ ಗೋಡಿ ಉಳ್ಳಾಗಡ್ಡಿ ಸಿಪ್ಪಿಯಷ್ಟು ತೆಳು. ಗೋಡಿ ಆಚಿಗೆ ಕಣ್ಣಿನ ನರ. ಕೀವು ಗೋಡಿ ತಿಂದು ನರ ಒತ್ತೈತಿ. ಎಡಗಡೀದು ಸತ್ತೈತಿ, ಸುಣ್ಣದಂಗ ಬೆಳ್ಳಗ ಕಾಣ್ತೈತಿ. ಯಾವಾಗಿಂದ ಕಾಣಂಗಿಲ್ಲ?"

"ಡಿಸೆಂಬರಿನಲ್ಲಿ ಮಸುಕು. ಜನವರಿ ಇಪ್ಪತ್ತೊಂಬತ್ತಕ್ಕೆ ಪೂರ್ತಿ."

ಮೊದಲ ಸಲ ಒಬ್ಬರಿಗೆ ಹೇಳಿದೆ. ಅವರು ಹುಬ್ಬಿನ ಗಾಯ ಮುಟ್ಟಿದರು. "ಇದು?"

"ಬಡಿಗೆ. ಫೆಬ್ರವರಿ ಐದು."

"ಎಲುಬ ಒಡದಿಲ್ಲ. ಬಡಿಗೀಗೂ ಕಣ್ಣಿಗೂ ಸಂಬಂಧ ಇಲ್ಲ." ಕಾಗದದಲ್ಲಿ ಬರೆದರು. "ನಿಮ್ಮ ಕೋರ್ಟು ಕೇಳಿದ್ರ ಇದನ್ನ ಹೇಳ್ತೀನಿ. ಕೇಳದಿದ್ರ ಮಿರಜದಿಂದ ಎದ್ದು ಬಂದು ಹೇಳಂಗಿಲ್ಲ. ನಾಳೆ ಆಪರೇಷನ್. ತಡ ಮಾಡಿದ್ರ ಬಲಗಣ್ಣೂ ಹೋಗ್ತೈತಿ."

೨೧ ಮಾರ್ಚ್, ಮಂಗಳವಾರ

ಕಳೆದ ಬುಧವಾರ ಆಪರೇಷನ್ ಆಯಿತು. ಮೂಗಿನಲ್ಲಿ ಔಷಧದ ಅರಳೆ ತುಂಬಿ, ತುಟಿಯ ಒಳಗೆ ಸೂಜಿ ಚುಚ್ಚಿದರು. ನಿದ್ದೆ ಬರಿಸುವುದಿಲ್ಲ ಎಂದರು. ಇಬ್ಬರು ಆಳುಗಳು ತಲೆ ಹಿಡಿದರು. ಮೇಲ್ದುಟಿಯನ್ನು ಎತ್ತಿ ಒಸಡು ಕೊಯ್ದರು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರು.

ನೋವಿಲ್ಲ. ಸದ್ದು. ತಲೆಯೊಳಗೆ ಗೋಡೆ ಕೆಡವುವ ಸದ್ದು. ಹಲ್ಲುಗಳೆಲ್ಲ ಒಂದೊಂದು ಏಟಿಗೂ ಕುಣಿಯುತ್ತಿದ್ದವು. ಮೂವತ್ತೊಂದು ಏಟು. ಮೂವತ್ತೊಂದಕ್ಕೆ ಏನೋ ಒಡೆದು ಗಂಟಲಿಗೆ ಇಳಿಯಿತು. ಬೋಗುಣಿಯಲ್ಲಿ ಉಗುಳಿದೆ. ಗಟ್ಟಿ, ಹಸಿರು. ನರ್ಸ್ ಬಾಯಿ ಮುಖ ತಿರುಗಿಸಿ "ಅಗ ಬಾಯಿ!" ಎಂದಳು.

ಆಮೇಲೆ ಮೂಗಿನಲ್ಲಿ ತುರುಕಿದ್ದನ್ನು ನಿನ್ನೆ ತೆಗೆದರು. ಒಂದು ಮೊಳ ಬಟ್ಟೆ, ಎಳೆದಷ್ಟೂ ಬರುತ್ತಿತ್ತು. ಅದರ ಹಿಂದೆಯೇ ವಾಸನೆ. ಸತ್ತ ಇಲಿಯ ವಾಸನೆ. ಎಂಟು ವರ್ಷದ ಮೇಲೆ ನನ್ನ ವಾಸನೆ ನನಗೆ ತಿಳಿಯಿತು.

ಬಲಗಣ್ಣಿಗೆ ಕೆಂಪು ಮತ್ತೆ ಕೆಂಪಾಗಿಯೇ ಕಾಣುತ್ತಿದೆ. ಎಡಗಣ್ಣು ಬರುವುದಿಲ್ಲ.

೨೮ ಮಾರ್ಚ್, ಮಂಗಳವಾರ

ಮಿರಜದಿಂದ ಹೊರಟ ಬಸ್ಸು ತಿಕೋಟಾದಲ್ಲಿ ನಿಂತಾಗ ಕಾಶಿಬಾಯಿ ಹತ್ತಿದಳು. ನನ್ನ ಎಡಗಡೆಯ ಸೀಟು. ಕಾಣಲಿಲ್ಲ. ದನಿ ಕೇಳಿ ತಿರುಗಿದೆ.

"ಕಾರ್ಡ ಬರದಾಂವ ನೀನ ಅಲ್ಲೇನು?"

"ಹೌದ್ರೀ."

"ಅಕ್ಷರ ಚಲೋ ಅದಾವ ನಿನ್ನವು. ಮುತ್ತ ಪೋಣಿಸಿದಂಗ. ಓದಿಸಿದ್ರ ಎರಡ ದಿವಸದ ಹಿಂದಿನ 'ಇಂದು'."

ಎರಡು ಗಂಟೆಯ ಬಸ್ಸಿನ ಮಾತು ನಾಲಗೆಯ ತುದಿಗೆ ಬಂದು ನಿಂತಿತು.

ಬಸ್ಸು ಹೊರಟ ಮೇಲೆ ಮತ್ತೆ ಅಂದಳು, ಕಿಟಕಿಯ ಕಡೆ ನೋಡುತ್ತ. "ಮಣ್ಣ ತಗಸು ಅಂತ ನಾ ಹೇಳಲಿಲ್ಲ. ಬ್ಯಾಡ ಅಂತನೂ ಹೇಳಲಿಲ್ಲ. ಮೊಳಕೈ ಮಟ ಹೋಗೂತನಕ ಸುಮ್ಮ ಕುಂತಿದ್ದೆ. ನೋಡೂ ಆಸೆ ಇತ್ತು." ಆಮೇಲೆ ನನ್ನ ಕಡೆ ತಿರುಗಿ, "ಖರೆ ಹೇಳು. ನಿನ್ನ ಕಣ್ಣು ನಮ್ಮಣ್ಣನ ಬಡಿಗೀಲೆ ಹೋತೇನು?"

ಕಿಸೆಯಲ್ಲಿದ್ದ ಮಿರಜದ ಕಾಗದವನ್ನು ಅಂಗೈಯಿಂದ ಮುಚ್ಚಿಕೊಂಡೆ. ವಿಜಾಪುರದ ತನಕ ಕೈ ತೆಗೆಯಲಿಲ್ಲ.

೯ ಏಪ್ರಿಲ್, ಭಾನುವಾರ. ಸಂಜೆ

ವಿಚಾರಣೆ ಮೇ ೮ಕ್ಕೆ. ಹಣಮಂತ ಬಂದಿದ್ದ. ಮಿರಜದ ಕಾಗದದಲ್ಲಿ ಏನಿದೆ ಎಂದು ಕೇಳಿದ. ಓದಿ ಹೇಳಿದೆ.

ಅವನು ಕಾಗದವನ್ನು ಇಸಿದುಕೊಂಡು ಮಡಚಿ ಕೆಳಗಿಟ್ಟ. "ಅಂವ ನಿನ್ನ ಹೊಡದಾನೋ ಇಲ್ಲೋ?"

"ಹೊಡದಾನ."

"ಕಣ್ಣ ಹೋಗೇತೋ ಇಲ್ಲೋ?"

"ಹೋಗೇತಿ."

"ಮತ್ತ? ಎರಡೂ ಖರೆ. ನಡುವಿನ 'ಅದಕ್ಕ' ಅನ್ನೂ ಮಾತು ನೀ ಅನಬ್ಯಾಡ. ಕೋರ್ಟಿನವರು ಅಂತಾರ. ನೀ ಸುಮ್ಮ ನಿಂದ್ರು. ಸುಳ್ಳೂ ಆಗಂಗಿಲ್ಲ."

ಹೇಳುವುದು ಸರಿಯಾಗಿಯೇ ಇದೆ. ಅನುವಾದದ ಕಾದಂಬರಿಗಳಲ್ಲಿ ನಾನು ಗುರುತು ಹಾಕಿದ್ದೇನೆ. ಎರಡು ವಾಕ್ಯ ಪಕ್ಕಪಕ್ಕ ಇದ್ದರೆ ಸಾಕು, ನಡುವಿನ "ಆದ್ದರಿಂದ"ವನ್ನು ಓದುವವನೇ ಹಾಕಿಕೊಳ್ಳುತ್ತಾನೆ.

"ಸುಮ್ಮ ನಿಂತ್ರೂ ಅಂದಂಗನ ಆಗ್ತೈತಿ ತಮ್ಮಾ."

"ಎರಡ ತಿಂಗಳ ಸುಮ್ಮ ಇದ್ದಿ. ಈಗ ಬಾಯಿ ಬಂತೇನು ನಿನಗ? ಅವ್ವನ ಉಗರ ಕಿತ್ತಾಗ ನಿನ್ನ ಖರೆ ಎಲ್ಲಿ ಹೋಗಿತ್ತು?"

"ನೀ ಎಲ್ಲಿದ್ದಿ ಆವಾಗ? ಇದ ಖೋಲ್ಯಾಗ ಚಹಾ ಕುಡೀತಿದ್ದಿ."

ಅನ್ನಬಾರದಿತ್ತು. ಅವನು ಎರಡೂ ಕೈಯಿಂದ ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಹಿಂದಲೆ ಎರಡು ಸಲ ಬಡಿಯಿತು. ತುಟಿಯ ಒಳಗಿನ ಹೊಲಿಗೆಯ ಗಾಯ ಬಿಚ್ಚಿ ಬಾಯಿ ತುಂಬ ರಕ್ತ. ನಾನು ಅವನ ಹೆಬ್ಬೆರಳು ಕಚ್ಚಿದೆ. ಬಿಡಲಿಲ್ಲ. ಚಂದ್ರಾಬಾಯಿ ಊದುಗೊಳವಿಯಿಂದ ಅವನ ಬೆನ್ನಿಗೆ ಬಾರಿಸಿದಳು, ಆಮೇಲೆ ನನ್ನ ಮೊಣಕಾಲಿಗೂ ಒಂದು. "ಬಡದಾಡೂದಿದ್ರ ಹೊರಗ ಹೋಗಿ ಬಡದಾಡ್ರಿ. ನನ್ನ ಒಲಿ ಮುಂದ ಬ್ಯಾಡ!"

ಹಣಮಂತ ಬಾಗಿಲಲ್ಲಿ ನಿಂತು ಹೇಳಿದ, "ಅಂವ ದಂಡ ಕಟ್ಟಿ ಊರಾಗ ಹಲಿಗಿ ಬಾರಿಸಿಕೋತ ಬಂದ್ರ, ನಾ ಕೊಡ್ಲಿ ತಗೊಂಡು ಹೋಗಾಂವ. ಆಮ್ಯಾಲ ನಂದೂ ಖಟ್ಲೆ ನಡೀತೈತಿ. ನೀನ ನಕಲ ಮಾಡು, ಮುತ್ತ ಪೋಣಿಸಿದಂಗ." ಅವನು ಸುಮ್ಮನೆ ಹೇಳುವವನಲ್ಲ.

ಅವನು ಹೋದ ಮೇಲೆ ಚಂದ್ರಾಬಾಯಿ ರಕ್ತ ಒರೆಸುತ್ತ, "ಖರೇನ ಡಿಸೆಂಬರದಿಂದ ಕಾಣತಿದ್ದಿಲ್ಲೇನ್ರಿ?" ಎಂದಳು. ಹೌದೆಂದೆ. "ನಾ ಎಡಕ್ಕ ನಿಂತಾಗೆಲ್ಲಾ ನೀವು ಮಾತಾಡಸ್ತಿದ್ದಿಲ್ಲ. ನನ್ನ ಮ್ಯಾಲ ಸಿಟ್ಟ ಬಂದೈತಂತ ತಿಳಕೊಂಡಿದ್ದೆ."

೨೩ ಏಪ್ರಿಲ್, ಭಾನುವಾರ

ಸಾರವಾಡ. ಚಂದ್ರಾಬಾಯಿಯೂ ಬಂದಿದ್ದಳು. ಅವ್ವ ಕೈಗಳನ್ನು ಸೆರಗಿನಲ್ಲಿ ಇಟ್ಟುಕೊಂಡೇ ಮಾತಾಡಿದಳು. ನೀರಿನ ತಂಬಿಗೆ ಕೊಟ್ಟದ್ದು ಎರಡು ಮುಂಗೈ ನಡುವೆ ಹಿಡಿದು.

ಚಂದ್ರಾಬಾಯಿ ಬೇಳೆ ಒಡೆಯಲು ಬೀಸುಕಲ್ಲಿನ ಹತ್ತಿರ ಹೋದಳು. "ಅದನ್ನ ಮುಟ್ಟಬ್ಯಾಡ," ಎಂದಳು ಅವ್ವ. ತಡವಾಗಿತ್ತು. ಮೇಲಿನ ಕಲ್ಲು ಎತ್ತಿದ ಚಂದ್ರಾಬಾಯಿ ನನ್ನನ್ನು ಕರೆದಳು. ಒಳಗೆ ಹಿಟ್ಟಿನ ಕಣವೂ ಇಲ್ಲ. ಕರಿಯ ಕಲ್ಲಿನ ಪುಡಿ ಇತ್ತು. ಕಲ್ಲಿಗೆ ಕಲ್ಲು ತಿಕ್ಕಿದ್ದು.

ಹಿತ್ತಲಲ್ಲಿ ಲಕ್ಕವ್ವನನ್ನು ಕೇಳಿದೆ.

"ಹಿಟ್ಟ ನಾ ಬೀಸಿ ಕೊಡಾಕತ್ತೇನಿ, ಆವತ್ತಿನಿಂದ ಇವತ್ತಿನತನಕ. ಆಕಿ ರೊಟ್ಟಿ ಸೈತ ತಟ್ಟಿಲ್ಲ. ಬರೇ ಕಲ್ಲ ತಿರುವ್ಯಾಳ, ಗೂಟಕ್ಕ ಮೊಳಕೈ ಹಚ್ಚಿ. ಶಿವಯೋಗೆಪ್ಪನ ಮನೀತನಕ ಸಪ್ಪಳ ಕೇಳಬೇಕಂತ. 'ನಾ ಮುರದಿಲ್ಲ ಅಂತ ಅವನಿಗಿ ಗೊತ್ತಾಗಬೇಕು' ಅಂತಾಳ."

ಹದಿನೆಂಟನೆಯ ದಿನ ಅವಳು ಏನೂ ಬೀಸಲಿಲ್ಲ. ಎಪ್ಪತ್ತೆಂಟನೆಯ ದಿನವಾದ ಇವತ್ತಿಗೂ ಬೀಸಿಲ್ಲ. ನಿತ್ಯದ ಕೆಲಸ ಮಾಡಲಾಗದ ಸ್ಥಿತಿ. ಎಂಟನೆಯದು.

ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಮಿರಜದ ಕಾಗದ, ಕಲಮು, ಇಪ್ಪತ್ತು ದಿನ. "ಬರೇ ಕಲ್ಲ ತಿರುವಿದೆ, ಕೈ ಏಳಂಗಿಲ್ಲ ಅಂತ ನೀ ಹೇಳಿ, ಲಕ್ಕವ್ವ ಹೌದಂದು, ಡಾಕ್ಟರು ಕೈ ನೋಡಿದ್ರ ಸಾಕವ್ವಾ. ನಿನ್ನ ಕೈ ಸಲುವಾಗಿನ ಅವನಿಗಿ ಶಿಕ್ಷಾ ಆಗ್ತೈತಿ. ನನ್ನ ಕಣ್ಣ ಬೇಕಾಗಂಗಿಲ್ಲ."

ಸೆರಗಿನಿಂದ ಕೈ ತೆಗೆದು ಹೊಡೆದಳು. ಬೆರಳು ಮಡಚಿಕೊಂಡೇ ಇವೆ. ಮುಷ್ಟಿಯಂತೆ ದವಡೆಗೆ ಬಡಿಯಿತು. ನೋವು ಅವಳಿಗೇ ಹೆಚ್ಚಾಯಿತು. ಹಲ್ಲು ಕಚ್ಚಿ ಮತ್ತೊಮ್ಮೆ ಹೊಡೆದಳು.

"ನನ್ನ ಮುರದ ಹಾಕಿದಿ ಅಂತ ಅವನ ಎದುರಿಗಿ ನಿಂತು ನನ್ನ ಬಾಯಿಲೆ ಹೇಳ್ಬೇಕೇನು? ಅಂವ ಕೇಳಿ ನಗಬೇಕೇನು?"

"ಹಂಗಾರ ನನ್ನ ಕಣ್ಣಿನ ಸುಳ್ಳಿನ ಮ್ಯಾಲ ಹೋಗಲೇನು?"

"ಅದೂ ಗೊತ್ತೈತಿ ನಂಗ. ಉಗರ ನನ್ನವು, ಬೆನ್ನ ನಂದು, ಕಾಗದ ತುಂಬ ಯಲಗೂರಪ್ಪನ ಕಣ್ಣು. ಆ ಖಟ್ಲೇದಾಗ ನಾ ಯಾರು? ಯಲಗೂರಪ್ಪನ ತಾಯಿ."

ಬಸ್ಸಿಗೆ ಹೊರಟಾಗ ಬಾಗಿಲ ತನಕ ಬಂದಳು. "ಮೊದಲ ನೀ ಹೇಳು, ನಿನ್ನ ಕಣ್ಣ ಅದಲ್ಲ ಅಂತ. ಎಲ್ಲಾರ ಮುಂದ. ನಾ ಕೇಳ್ತೀನಿ. ಆಮ್ಯಾಲ ನನ್ನ ಕೂಗಲಿ, ನೋಡೂಣು."

"ನೋಡೂಣು ಅಂದ್ರ? ಹೇಳ್ತಿಯೋ ಇಲ್ಲೋ?"

"ನೋಡೂಣು ಅಂದ್ರ ನೋಡೂಣು."

೮ ಮೇ, ಸೋಮವಾರ. ಬೆಳಿಗ್ಗೆ ೮

ಹನ್ನೊಂದಕ್ಕೆ ಕೂಗುತ್ತಾರೆ. ನಾನು ಮೊದಲನೆಯ ಸಾಕ್ಷಿ, ಅವ್ವ ಎರಡನೆಯವಳು. ಸಾಕ್ಷಿಯಾದವಳನ್ನು ನನ್ನ ಹೇಳಿಕೆಯ ಹೊತ್ತಿಗೆ ಒಳಗೆ ಕೂರಿಸುವುದಿಲ್ಲ, ಹೊರಗೆ ಕಟ್ಟೆಯ ಮೇಲಿರುತ್ತಾಳೆ. ಈ ನಿಯಮ ನನಗೆ ಗೊತ್ತಿರಬೇಕಿತ್ತು. ಅವ್ವ "ನಾ ಕೇಳ್ತೀನಿ" ಅಂದಾಗ ನೆನಪಾಗಲಿಲ್ಲ. ಅವಳು ಕೇಳಬೇಕಾದರೆ ಕಿಟಕಿ ದಾಟುವಷ್ಟು ಗಟ್ಟಿಯಾಗಿ ಹೇಳಬೇಕು. ನಾನು ಗಟ್ಟಿಯಾಗಿ ಮಾತಾಡಿದ್ದು ನೆನಪಿಲ್ಲ.

ಸರಕಾರಿ ವಕೀಲರಿಗೆ ಶನಿವಾರವೇ ಮಿರಜದ ಕಾಗದ ತೋರಿಸಿದೆ. ಓದಿ ಮಡಚಿ ನನ್ನ ಕಿಸೆಯಲ್ಲಿಯೇ ಇಟ್ಟರು. "ಇದನ್ನ ನಾ ನೋಡಿಲ್ಲ. ಕೇಳಿದಷ್ಟಕ್ಕ ಉತ್ತರ ಕೊಡ್ರಿ." ಅವರು ಕೇಳುವುದು ಎರಡೇ: ಹೊಡೆದರೇ, ಕಣ್ಣು ಹೋಯಿತೇ.

ಅವ್ವ ಆಮೇಲೆ ಬಾಯಿ ಬಿಡದಿದ್ದರೆ ಶಿವಯೋಗೆಪ್ಪ ಇವತ್ತೇ ದಂಡ ಕಟ್ಟಿ ಐದರ ಬಸ್ಸಿಗೆ ಊರು ಸೇರುತ್ತಾನೆ. ಹಣಮಂತ ಕೊಡಲಿ ಎತ್ತುತ್ತಾನೆ. ನನ್ನ ನೌಕರಿಯೂ ಹೋಗುತ್ತದೆ. ಕಣ್ಣಿಲ್ಲದೆ ನಕಲು ಮಾಡಿದೆ ಎಂದು ನಾನೇ ಒಪ್ಪಿಕೊಂಡಂತೆ. ಇದೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ. ಅವಳು ಹೇಳುತ್ತಾಳೆಂಬ ಭರವಸೆ ಇಲ್ಲ. ಕೇಳಿಯೂ ಇಲ್ಲ ಮತ್ತೆ.

ಹೇಳುತ್ತೇನೆ. ಎರಡನೆಯ ಪ್ರಶ್ನೆಗೆ ಹೌದು ಎಂದು ನಿಲ್ಲಿಸುವುದಿಲ್ಲ. ವಾಕ್ಯ ಗೊತ್ತು ಮಾಡಿಕೊಂಡಿದ್ದೇನೆ: ಎಡಗಣ್ಣು ಹೊಡೆಯುವ ಮೊದಲೇ ಹೋಗಿತ್ತು, ಅವನು ಮುರಿದದ್ದು ನನ್ನ ತಾಯಿಯ ಕೈಗಳನ್ನು.

ಅವ್ವ ಬರುವ ಊರಿನ ಬಸ್ಸು ಬಂದಿರಬೇಕು. ಚಂದ್ರಾಬಾಯಿ ಹೊರಗಿನಿಂದ ಕೂಗುತ್ತಿದ್ದಾಳೆ—